ಮೋಟರಿಗಿಂತ ಮೊದಲು ಗೇಟು

ಮನೆಯ ಗೇಟಿಗೆ ಮೋಟರ್ ಹಾಕಿಸುವ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿಕೊಂಡು ಈ ಸಲ ಉತ್ತರಿಸುತ್ತಿದ್ದೇನೆ. ಹೆಚ್ಚಿನವರು ಕೇಳಿರುವುದು ಮೋಟರಿನ ವಿಚಾರ: ಎಷ್ಟು ಕೆ.ಜಿ.ಯದು ಬೇಕು, ಕರೆಂಟ್ ಹೋದರೆ ಏನು, ಮೊಬೈಲಿನಿಂದ ತೆರೆಯಬಹುದೇ. ಹಳಿ, ಚಕ್ರಗಳ ಬಗ್ಗೆ ಕೇಳಿದವರು ತೀರ ಕಡಿಮೆ. ನಾನು ಗೇಟು ವೆಲ್ಡಿಂಗ್ ಮಾಡುವ ಕೆಲಸದಿಂದ ಶುರು ಮಾಡಿ ಆಮೇಲೆ ಮೋಟರ್ ಕೂರಿಸುವ ಕಡೆಗೆ ಬಂದವನು. ಕೆಟ್ಟುಹೋಗಿದೆ ಎಂದು ಕರೆ ಬಂದ ಮನೆಗಳಿಗೆ ಹೋಗಿ ನೋಡಿದರೆ, ಮೋಟರ್ ಚೆನ್ನಾಗಿಯೇ ಇದ್ದು ಗೇಟೇ ಕೆಟ್ಟಿರುವುದನ್ನು ಹೆಚ್ಚಾಗಿ ಕಂಡಿದ್ದೇನೆ. ಹಾಗಾಗಿ ಯಾವ ಪ್ರಶ್ನೆ ಬಂದರೂ ನನ್ನ ಉತ್ತರ ಗೇಟಿನಿಂದಲೇ ಶುರುವಾಗುತ್ತದೆ.

ಪ್ರಶ್ನೆ: ನಮ್ಮ ಸ್ಲೈಡಿಂಗ್ ಗೇಟು ನಾಲ್ಕೂವರೆ ಮೀಟರ್ ಉದ್ದ, 1.8 ಮೀಟರ್ ಎತ್ತರ. ಪೂರ್ತಿ ತಗಡು ಹೊಡೆಸಿದ್ದೇವೆ. ಒಬ್ಬರು 600 ಕೆ.ಜಿ. ಮೋಟರ್ ಸಾಕು ಅನ್ನುತ್ತಾರೆ. ಇನ್ನೊಬ್ಬರು 1000 ಕೆ.ಜಿ.ಯದೇ ಹಾಕಿಸಿ, ಮುಂದೆ ತೊಂದರೆ ಇರುವುದಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಮೊದಲು ಗೇಟಿನ ತೂಕವನ್ನು ಕಾಗದದ ಮೇಲೆ ಲೆಕ್ಕ ಹಾಕೋಣ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. ನಿಮ್ಮ ಗೇಟಿನ ಅಗಲ ಎತ್ತರ ಗುಣಿಸಿದರೆ 8.1 ಚದರ ಮೀಟರ್. 2 ಮಿ.ಮೀ. ತಗಡಾಗಿದ್ದರೆ ತಗಡೊಂದೇ ಸುಮಾರು 127 ಕೆ.ಜಿ. ಚೌಕಟ್ಟಿನ ಪೈಪು, ನಡುವಿನ ಅಡ್ಡಪಟ್ಟಿಗಳು, ಕೆಳಗಿನ ಚಾನೆಲ್, ಚಕ್ರ ಎಲ್ಲ ಸೇರಿದರೆ 250 ಕೆ.ಜಿ. ಆಸುಪಾಸು. ಗೇಟಿನ ತೂಕದ ಒಂದೂವರೆಯಿಂದ ಎರಡು ಪಟ್ಟು ಸಾಮರ್ಥ್ಯದ ಮೋಟರ್ ಆರಿಸಿಕೊಳ್ಳುವುದು ನಮ್ಮ ಕಸುಬಿನಲ್ಲಿರುವ ರೂಢಿ. ಆ ಲೆಕ್ಕಕ್ಕೆ 600 ಕೆ.ಜಿ.ಯದು ಧಾರಾಳ.

ಆದರೆ ಮೋಟರಿನ ಮೇಲೆ ಬರೆದಿರುವ ಆ ತೂಕ, ಸಮತಟ್ಟಾದ ಹಳಿಯ ಮೇಲೆ ಸಲೀಸಾಗಿ ಉರುಳುವ ಗೇಟಿಗೆ ಹೇಳಿದ್ದು. ಮೋಟರ್ ಗೇಟನ್ನು ಎತ್ತುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ಆದ್ದರಿಂದ ಗೇಟು ಎಷ್ಟು ತೂಗುತ್ತದೆ ಎನ್ನುವುದಕ್ಕಿಂತ ಅದನ್ನು ಎಳೆಯಲು ಎಷ್ಟು ಬಲ ಬೇಕು ಎನ್ನುವುದು ಮುಖ್ಯ. ಅದನ್ನು ನೀವೇ ಅಳೆಯಬಹುದು. ಪ್ರಯಾಣಕ್ಕೆ ಹೊರಡುವಾಗ ಬ್ಯಾಗು ತೂಗುವ ಕೊಕ್ಕೆಯ ತಕ್ಕಡಿ ಇರುತ್ತದಲ್ಲ, ಅದನ್ನು ಗೇಟಿನ ತುದಿಗೆ ಸಿಕ್ಕಿಸಿ, ನೆಲಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಿರಿ. ಗೇಟು ಅಲ್ಲಾಡಲು ಶುರುವಾಗುವಾಗ ಒಂದು ಅಂಕಿ ಬರುತ್ತದೆ, ಓಡುತ್ತಿರುವಾಗ ಅದಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಬೇರಿಂಗ್ ಚೆನ್ನಾಗಿರುವ, ಹಳಿ ನೇರವಾಗಿರುವ 250 ಕೆ.ಜಿ. ಗೇಟು 5ರಿಂದ 8 ಕೆ.ಜಿ. ಎಳೆತಕ್ಕೆ ಓಡಬೇಕು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಎಳೆಯುತ್ತಾ ಹೋಗಿ. ಅಂಕಿ ಎಲ್ಲಿ ಏರುತ್ತದೋ ಅಲ್ಲಿ ಹಳಿಯ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಳಿ ಕುಸಿದಿರುವುದು, ಎರಡು ತುಂಡು ಹಳಿ ಸೇರುವ ಕಡೆ ವೆಲ್ಡಿಂಗ್ ಗಂಟು ಉಳಿದಿರುವುದು, ಗೇಟನ್ನು ನೆಟ್ಟಗೆ ಹಿಡಿಯುವ ಮೇಲಿನ ಗೈಡ್ ರೋಲರು ಬಿಗಿಯಾಗಿರುವುದು, ಇವೆಲ್ಲ ಆ ಗುರುತಿನ ಹತ್ತಿರವೇ ಸಿಗುತ್ತವೆ.

20, 25 ಕೆ.ಜಿ. ತೋರಿಸಿದರೆ ಏನು ಮಾಡಬೇಕು? 1000 ಕೆ.ಜಿ. ಮೋಟರ್ ಹಾಕಿಸಿ ಎನ್ನುವವರ ಸಲಹೆ ಇಲ್ಲಿಂದಲೇ ಹುಟ್ಟುವುದು, ಮತ್ತು ನಾನು ಅದನ್ನು ಬಲವಾಗಿ ವಿರೋಧಿಸುವುದೂ ಇದೇ ಕಾರಣಕ್ಕೆ. ಒಳ್ಳೆಯ ಕಂಟ್ರೋಲ್ ಬೋರ್ಡು ಮೊದಲ ಓಟದಲ್ಲಿ ಗೇಟಿಗೆ ಮಾಮೂಲಿಯಾಗಿ ಎಷ್ಟು ಬಲ ಬೇಕು ಎಂದು ಕಲಿತುಕೊಳ್ಳುತ್ತದೆ. ಆಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು ಬಲ ಬೇಕಾದರೆ ಏನೋ ಅಡ್ಡ ಬಂದಿದೆ ಎಂದು ತಿಳಿದು ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ. ಗೇಟು ಓಡುವುದಕ್ಕೇ 25 ಕೆ.ಜಿ. ಬಲ ಬೇಕಾದರೆ, ಅದಕ್ಕೂ ಮೇಲೆ ಸೆಟ್ ಮಾಡಬೇಕು. ಮಗುವಿನ ಎದೆಗೆ ಗೇಟು ತಾಗಿದರೂ ಬೋರ್ಡಿಗೆ ಅದು ಹಳಿಯ ಮೇಲಿನ ಇನ್ನೊಂದು ಉಬ್ಬಿನಂತೆಯೇ ಕಾಣುತ್ತದೆ. ಮೋಟರ್ ದೊಡ್ಡದಾದಷ್ಟೂ ಗೇಟಿನ ಹುಳುಕು ಮುಚ್ಚಿಹೋಗುತ್ತದೆ, ಅಪಾಯ ಮಾತ್ರ ಉಳಿಯುತ್ತದೆ. ಆ ಹಣವನ್ನು ಹಳಿ ಸರಿಪಡಿಸಲು, ದೊಡ್ಡ ವ್ಯಾಸದ ಬೇರಿಂಗ್ ಚಕ್ರ ಹಾಕಿಸಲು ಖರ್ಚು ಮಾಡಿ.

ಪೂರ್ತಿ ತಗಡು ಹೊಡೆಸಿದ್ದೇವೆ ಎಂದಿದ್ದೀರಿ. ಗಾಳಿಯ ಲೆಕ್ಕವನ್ನೂ ನೋಡಿ. ಗಂಟೆಗೆ 72 ಕಿ.ಮೀ. ವೇಗದ ಗಾಳಿ ಚದರ ಮೀಟರಿಗೆ ಸುಮಾರು 245 ನ್ಯೂಟನ್, ಅಂದರೆ 25 ಕೆ.ಜಿ.ಯಷ್ಟು, ಒತ್ತುತ್ತದೆ. ನಿಮ್ಮ ಗೇಟಿನ ಮೇಲೆ ಅದು ಒಟ್ಟು 200 ಕೆ.ಜಿ.ಯಷ್ಟು ಒತ್ತಡ. ಅಷ್ಟೂ ಒತ್ತಡ ಮೇಲಿನ ಗೈಡ್ ರೋಲರುಗಳ ಮೇಲೆ, ಚಕ್ರದ ಅಂಚಿನ ಮೇಲೆ ಬೀಳುತ್ತದೆ. ಗಾಳಿ ಜೋರಾದ ದಿನ ಗೇಟು ಅರ್ಧಕ್ಕೆ ನಿಂತು ವಾಪಸು ಹೋದರೆ ಮೋಟರನ್ನು ಬೈಯಬೇಡಿ. ಹೊಸದಾಗಿ ಮಾಡಿಸುವವರು ಗಾಳಿ ಹಾದುಹೋಗುವಂತೆ ತೂತಿನ ತಗಡನ್ನು ಆರಿಸಿಕೊಂಡರೆ ತೂಕವೂ ಇಳಿಯುತ್ತದೆ.

ಪ್ರಶ್ನೆ: ರಸ್ತೆಯಿಂದ ಮನೆಯ ಕಡೆಗೆ ನೆಲ ಏರುತ್ತದೆ, ಒಳಕ್ಕೆ ತೆರೆಯುವ ಗೇಟು ನೆಲಕ್ಕೆ ತಾಗುತ್ತದೆ. ಅದಕ್ಕೇ ಸ್ಲೈಡಿಂಗ್ ಯೋಚಿಸುತ್ತಿದ್ದೇವೆ. ದಾರಿಯ ಅಗಲ 4 ಮೀಟರ್, ಪಕ್ಕದ ಗೋಡೆಗುಂಟ ಖಾಲಿ ಜಾಗ ನಾಲ್ಕೂವರೆ ಮೀಟರ್. ಸಾಕಾಗುತ್ತದೆಯೇ?

ಏರುದಾರಿಗೆ ಸ್ಲೈಡಿಂಗ್ ಗೇಟೇ ಸರಿ. ಗೇಟು ದಾರಿಗೆ ಅಡ್ಡವಾಗಿ ಓಡುವುದರಿಂದ ಏರು ಅದಕ್ಕೆ ಲೆಕ್ಕಕ್ಕಿಲ್ಲ. ಹಳಿ ಹಾಕುವ ಸಾಲು ಮಾತ್ರ ಮಟ್ಟವಾಗಿರಬೇಕು. ಆ ಸಾಲಿನಲ್ಲೂ ಇಳಿಜಾರಿದ್ದರೆ ಮೊದಲು ಕಾಂಕ್ರೀಟ್ ಪಟ್ಟಿ ಹಾಕಿ ಮಟ್ಟ ಮಾಡಿಸಿ. 250 ಕೆ.ಜಿ. ಗೇಟಿಗೆ ನೂರಕ್ಕೆ ಮೂರರಷ್ಟು ಇಳಿಜಾರು ಸಿಕ್ಕರೆ ಏರುವಾಗ ಏಳೂವರೆ ಕೆ.ಜಿ. ಎಳೆತ ಹೆಚ್ಚುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕರೆಂಟ್ ಹೋದಾಗ ಕೀಲಿ ತಿರುಗಿಸಿ ಮೋಟರನ್ನು ಬಿಡಿಸಿದ ಕೂಡಲೇ ಗೇಟು ತಾನೇ ಉರುಳಿಕೊಂಡು ಹೋಗುತ್ತದೆ.

ಜಾಗದ ಲೆಕ್ಕ ಹೀಗೆ. ದಾರಿ 4 ಮೀಟರ್ ಆದರೆ ಗೇಟಿನ ಉದ್ದ ಸುಮಾರು 4.4 ಮೀಟರ್ ಬೇಕು. ಮುಚ್ಚಿದಾಗಲೂ ಹಿಂಬದಿಯ ತುಂಡು ಮೋಟರಿನ ಹಲ್ಲುಚಕ್ರದ ಮೇಲೆ, ಗೈಡ್ ರೋಲರಿನ ಒಳಗೆ ಉಳಿಯಬೇಕಲ್ಲ, ಅದಕ್ಕಾಗಿ ಆ ಹೆಚ್ಚುವರಿ ಉದ್ದ. ಪೂರ್ತಿ ತೆರೆದಾಗ ಗೇಟಿನ ಬಾಲಕ್ಕೂ ಕೊನೆಯ ಗೋಡೆಗೂ ನಡುವೆ ನಿಮ್ಮಲ್ಲಿ 10 ಸೆಂ.ಮೀ. ಉಳಿಯುತ್ತದೆ. ಗೇಟು ಓಡಲು ಅಷ್ಟು ಸಾಕು. ಆದರೆ ಆ ಮೂಲೆಯಲ್ಲಿ ಯಾರಾದರೂ ನಿಂತಿದ್ದರೆ ಜಜ್ಜಿಹೋಗುತ್ತಾರೆ. ಮನುಷ್ಯನ ದೇಹ ಸಿಕ್ಕಿಕೊಳ್ಳದಿರಲು 50 ಸೆಂ.ಮೀ. ಅಂತರ ಇರಬೇಕೆನ್ನುತ್ತದೆ ಯಂತ್ರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ. ನಿಮ್ಮಲ್ಲಿ ಅದಕ್ಕೆ ಜಾಗವಿಲ್ಲ, ಆದ್ದರಿಂದ ಗೇಟು ಹೋಗಿ ನಿಲ್ಲುವ ಆ ಜಾಗಕ್ಕೆ ಯಾರೂ ನುಸುಳದ ಹಾಗೆ ಜಾಲರಿ ಬೇಲಿ ಹಾಕಿಸಲೇಬೇಕು. ಇನ್ನೊಂದು ದಾರಿ ಎರಡು ತುಂಡಿನ ಗೇಟು. ಒಂದರ ಹಿಂದೆ ಒಂದು ಸರಿದು ಒಟ್ಟುಗೂಡುವುದರಿಂದ ಸುಮಾರು ಅರ್ಧ ಜಾಗ ಸಾಕು. ಚಕ್ರ, ಹಳಿ, ಕೇಬಲ್ಲು ಎರಡರಷ್ಟಾಗುವುದರಿಂದ ಅದರ ನಿಗಾ ಹೆಚ್ಚು ಬೇಡುತ್ತದೆ.

ನೆಲದಲ್ಲಿ ಹಳಿಯೇ ಇಲ್ಲದ, ತೇಲಿಕೊಂಡು ಹೋಗುವ ಕ್ಯಾಂಟಿಲಿವರ್ ಗೇಟಿನ ಬಗ್ಗೆಯೂ ಕೆಲವರು ಕೇಳಿದ್ದಾರೆ. ಜಲ್ಲಿ ಹಾಸಿದ ದಾರಿಗೆ, ಮಣ್ಣು ನೀರು ಹರಿಯುವ ಕಡೆಗೆ ಅದು ಬಹಳ ಒಳ್ಳೆಯದು, ಹಳಿಯಲ್ಲಿ ಕಲ್ಲು ಸಿಕ್ಕುವ ಗೋಳೇ ಇಲ್ಲ. ಆದರೆ ಭಾರ ಸರಿದೂಗಿಸಲು ಹಿಂದೆ ದಾರಿಯಗಲದ ಅರ್ಧದಷ್ಟು ಬಾಲ ಬೇಕು. 4 ಮೀಟರ್ ದಾರಿಗೆ 6 ಮೀಟರ್ ಗೇಟು. ನಿಮ್ಮ ಜಾಗಕ್ಕೆ ಅದು ಆಗದು.

ಪ್ರಶ್ನೆ: ನಮ್ಮಲ್ಲಿ ಆಗಾಗ ಕರೆಂಟ್ ಹೋಗುತ್ತದೆ. ಎಸಿ ಮೋಟರ್ ಒಳ್ಳೆಯದೋ, ಡಿಸಿ ಮೋಟರೋ? ಸೋಲಾರ್ ಮೇಲೆ ಓಡಿಸಬಹುದೇ?

ಮನೆಗಾದರೆ ನಾನು 24 ವೋಲ್ಟಿನ ಡಿಸಿ ಮೋಟರನ್ನೇ ಹೇಳುತ್ತೇನೆ. ಕರೆಂಟ್ ಹೋದ ಕೂಡಲೇ ಅದು ತಾನಾಗಿಯೇ ಬ್ಯಾಟರಿಗೆ ಹೊರಳುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ನಿಧಾನಕ್ಕೆ ಚಲಿಸುವುದರಿಂದ ಗೇಟು ಕಂಬಕ್ಕೆ ಢಿಕ್ಕಿ ಹೊಡೆಯುವುದಿಲ್ಲ. ಮೋಟರ್ ಎಳೆಯುವ ಕರೆಂಟನ್ನು ನೋಡಿಯೇ ಅಡ್ಡ ಬಂದದ್ದನ್ನು ಕಂಡುಹಿಡಿಯುವುದೂ ಅದರಲ್ಲಿ ಸುಲಭ. 230 ವೋಲ್ಟಿನ ಎಸಿ ಮೋಟರ್ ಗಟ್ಟಿಮುಟ್ಟಾದದ್ದು ನಿಜ. ಆದರೆ ಒಂದರ ಮೇಲೊಂದರಂತೆ ಹಲವು ಸಲ ಓಡಿಸಿದರೆ ಬಿಸಿಯಾಗಿ, ಒಳಗಿನ ರಕ್ಷಣಾ ಸ್ವಿಚ್ಚು ಬಿಟ್ಟುಕೊಂಡು, ತಣ್ಣಗಾಗುವವರೆಗೆ ಅಲ್ಲಾಡುವುದಿಲ್ಲ. ಮನೆಯ ಇನ್ವರ್ಟರಿಗೆ ಜೋಡಿಸುತ್ತೇವೆ ಎನ್ನುವವರು ಅದು ಶುದ್ಧ ಸೈನ್ ವೇವ್ ಕೊಡುವಂಥದ್ದೇ ಎಂದು ನೋಡಿಕೊಳ್ಳಿ. ಚೌಕ ಅಲೆಯ ಹಳೆಯ ಇನ್ವರ್ಟರಿನಲ್ಲಿ ಎಸಿ ಮೋಟರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ.

ಸೋಲಾರ್ ವಿಚಾರದಲ್ಲಿ ಎಲ್ಲರೂ ಲೆಕ್ಕ ಹಾಕುವುದು ಗೇಟು ಓಡಲು ಬೇಕಾದ ವಿದ್ಯುತ್ತನ್ನು. ನೋಡಿ: 4 ಮೀಟರ್ ಓಡಲು 24 ಸೆಕೆಂಡು, 100 ವಾಟ್ ಎಂದುಕೊಂಡರೆ ಒಂದು ಓಟಕ್ಕೆ 0.67 ವಾಟ್-ಅವರ್. ದಿನಕ್ಕೆ ಇಪ್ಪತ್ತು ಓಟವಾದರೂ ಹದಿಮೂರು ಚಿಲ್ಲರೆ. ಇನ್ನು ಗೇಟು ಸುಮ್ಮನೆ ನಿಂತಿರುವಾಗ ಬೋರ್ಡು, ರಿಮೋಟಿನ ಸಂಕೇತ ಹಿಡಿಯುವ ರಿಸೀವರು, ಅಡ್ಡ ಬಂದವರನ್ನು ಕಿರಣದಿಂದ ಗುರುತಿಸುವ ಫೋಟೋಸೆಲ್ಲು ಸೇರಿ 5 ವಾಟ್ ತಿನ್ನುತ್ತಿದ್ದರೆ ದಿನಕ್ಕೆ 120 ವಾಟ್-ಅವರ್. ಓಡುವುದಕ್ಕಿಂತ ಒಂಬತ್ತು ಪಟ್ಟು ಸುಮ್ಮನೆ ನಿಲ್ಲುವುದಕ್ಕೇ ಬೇಕು! ಆದ್ದರಿಂದ ಸೋಲಾರ್‌ಗೆ ಹೋಗುವವರು ಮೋಟರಿನ ವಾಟ್ ಕೇಳುವ ಮೊದಲು ಸ್ಟ್ಯಾಂಡ್‌ಬೈನಲ್ಲಿ ಎಷ್ಟು ಎಳೆಯುತ್ತದೆ ಎಂದು ಕೇಳಿ. ಸೋಲಾರ್‌ಗೆಂದೇ ಮಾಡಿದ ಬೋರ್ಡುಗಳು ಕೆಲಸವಿಲ್ಲದಾಗ ಫೋಟೋಸೆಲ್ಲಿನ ವಿದ್ಯುತ್ತನ್ನೂ ಕಡಿದು ನಿದ್ರೆಗೆ ಜಾರುತ್ತವೆ. ಸಾಮಾನ್ಯ ಬೋರ್ಡಿಗೆ ಒಂದು ಚಿಕ್ಕ ಪ್ಯಾನೆಲ್ ತಗುಲಿಸಿ ಕೊಟ್ಟರೆ, ಮೋಡ ಮುಸುಕಿದ ವಾರದಲ್ಲಿ ಬ್ಯಾಟರಿ ಸತ್ತುಹೋಗುತ್ತದೆ.

ಬ್ಯಾಟರಿಗಳ ಲೆಕ್ಕವೂ ಅದೇ. 12 ವೋಲ್ಟ್ 7 ಆಂಪಿಯರ್-ಅವರಿನ ಎರಡು ಬ್ಯಾಟರಿ ಸೇರಿದರೆ ಕಾಗದದ ಮೇಲೆ 168 ವಾಟ್-ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಹಾಳಾಗುವುದರಿಂದ ಅರ್ಧ ಮಾತ್ರ ನಂಬಿ. ಒಂದು ರಾತ್ರಿಯ ಕತ್ತಲಿಗೆ ಅದು ಸಾಕು, ಎರಡು ದಿನಕ್ಕೆ ಸಾಲದು.

ಪ್ರಶ್ನೆ: ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ, ಒಂದಕ್ಕೆ ಐದು ವರ್ಷ, ಇನ್ನೊಂದಕ್ಕೆ ಎರಡೂವರೆ. ಮಗ ರಿಮೋಟ್ ಗೇಟು ಹಾಕಿಸುತ್ತಿದ್ದಾನೆ. ನನಗೋ ಭಯ. "ಸೆನ್ಸರ್ ಇರುತ್ತದೆ ಅಮ್ಮ, ಏನೂ ಆಗಲ್ಲ" ಅನ್ನುತ್ತಾನೆ. ಸೆನ್ಸರ್ ಇದ್ದರೆ ಸಾಕೇ?

ಸಾಲದು ಅಮ್ಮ. ನಿಮ್ಮ ಭಯದಲ್ಲಿ ಅರ್ಥವಿದೆ. ಈ ಉತ್ತರವನ್ನು ನಿಮ್ಮ ಮಗನಿಗೂ ಓದಲು ಕೊಡಿ.

2010ರಲ್ಲಿ ಬ್ರಿಟನ್ನಿನಲ್ಲಿ ಒಂದೇ ವಾರದ ಅಂತರದಲ್ಲಿ ಇಬ್ಬರು ಪುಟ್ಟ ಹುಡುಗಿಯರು, ಎರಡು ಬೇರೆ ಬೇರೆ ಊರುಗಳಲ್ಲಿ, ವಿದ್ಯುತ್ ಗೇಟಿಗೆ ಸಿಕ್ಕಿ ಸತ್ತರು. ಒಬ್ಬಳಿಗೆ ಆರು ವರ್ಷ, ಇನ್ನೊಬ್ಬಳಿಗೆ ಐದು. ಗೇಟಿನ ಕೆಲಸ ಮಾಡುವ ನಮ್ಮಂಥವರು ಮರೆಯಬಾರದ ಸಂಗತಿ ಇದು.

ಗೇಟು ತಾಗುವ ಪೆಟ್ಟಿನಿಂದ ಅಪಾಯ ಅಂದುಕೊಳ್ಳುತ್ತಾರೆ. ಅದು ಅಷ್ಟೇನೂ ದೊಡ್ಡದಲ್ಲ. 250 ಕೆ.ಜಿ. ಗೇಟು ನಿಮಿಷಕ್ಕೆ 10 ಮೀಟರ್ ವೇಗದಲ್ಲಿ ಬರುತ್ತಿದ್ದರೆ ಅದರ ಪೆಟ್ಟಿನ ಶಕ್ತಿ, ಒಂದು ಕೆ.ಜಿ. ಕಲ್ಲು ಮೊಣಕಾಲಿಗಿಂತ ಕೆಳಗಿನಿಂದ ಬಿದ್ದಷ್ಟು. ಅಪಾಯ ಇರುವುದು ತಾಗಿದ ಮೇಲೂ ಮೋಟರ್ ಒತ್ತುತ್ತಲೇ ಇರುವುದರಲ್ಲಿ. ಯುರೋಪಿನ ಇಎನ್ 12453 ಮಾನದಂಡದ ಪ್ರಕಾರ, ಮುಚ್ಚುವ ಅಂಚಿಗೂ ಕಂಬಕ್ಕೂ ನಡುವೆ ಅರ್ಧ ಮೀಟರಿಗಿಂತ ಕಡಿಮೆ ಸಂದು ಉಳಿದಿರುವಾಗ ಯಾರಾದರೂ ಸಿಕ್ಕಿಕೊಂಡರೆ, ಒತ್ತುವ ಬಲ 400 ನ್ಯೂಟನ್ ಮೀರುವಂತಿಲ್ಲ, ಅಂದರೆ ಸುಮಾರು 40 ಕೆ.ಜಿ. ಮುಕ್ಕಾಲು ಸೆಕೆಂಡಿನೊಳಗೆ ಅದು 150 ನ್ಯೂಟನ್ನಿಗಿಂತ ಕೆಳಗಿಳಿಯಬೇಕು. ಇದನ್ನು ಅಳೆಯುವ ಮೀಟರುಗಳಿವೆ. ಗೇಟು ಹಾಕಿದವರನ್ನು "ಬಲ ಅಳೆದು ತೋರಿಸಿ" ಎಂದು ಕೇಳುವುದು ನಿಮ್ಮ ಹಕ್ಕು.

ಈಗ ಸೆನ್ಸರ್. ಎಲ್ಲರೂ ಹಾಗೆನ್ನುವುದು ಫೋಟೋಸೆಲ್ಲಿಗೆ: ದಾರಿಯ ಎರಡೂ ಬದಿಗೆ ನೆಲದಿಂದ ಸುಮಾರು 50 ಸೆಂ.ಮೀ. ಎತ್ತರದಲ್ಲಿ ಕೂರಿಸುವ, ಕಣ್ಣಿಗೆ ಕಾಣದ ಕಿರಣ ಕಳಿಸುವ ಜೋಡಿ ಡಬ್ಬಿ. ಅದು ಕಾಯುವುದು ಒಂದೇ ಒಂದು ಗೆರೆಯನ್ನು. ಆ ಗೆರೆಯನ್ನು ದಾಟಿ ಗೇಟಿಗೂ ಕಿರಣಕ್ಕೂ ನಡುವೆ ನಿಂತ ಮಗು ಅದಕ್ಕೆ ಕಾಣುವುದಿಲ್ಲ. ಬಿದ್ದ ಚೆಂಡು ಎತ್ತಲು ಅಂಬೆಗಾಲಿಕ್ಕಿ ಹೋದ ಮಗು ಕಿರಣದ ಕೆಳಗೇ ಇರುತ್ತದೆ. ಇನ್ನು ತೆರೆಯುವಾಗಿನ ಅಪಾಯವನ್ನಂತೂ ಆ ಕಿರಣ ನೋಡುವುದೇ ಇಲ್ಲ. ಸರಳುಗಳಿರುವ ಗೇಟಿನ ಸಂದಿಯಲ್ಲಿ ಕೈ ತೂರಿಸಿ ಮಗು ನಿಂತಿರುವಾಗ ಗೇಟು ತೆರೆದುಕೊಂಡರೆ, ಹಿಂಬದಿಯ ಕಂಬಕ್ಕೆ ಸಿಕ್ಕಿ ಆ ಕೈ ಕತ್ತರಿಸಿಹೋಗುತ್ತದೆ. ಮುಚ್ಚುವ ಅಂಚಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಈ ಹಿಂಬದಿಯ ಕಂಬದ ಬಗ್ಗೆ ಯೋಚಿಸುವವರು ಕಡಿಮೆ.

ಹಾಗಾಗಿ ಮೊದಲು ಗೇಟಿಗೇ ರಕ್ಷಣೆ ಕಟ್ಟಿ. ಸರಳುಗಳ ಗೇಟಾದರೆ ಒಳಮೈಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಅಮೆರಿಕದ ಎಎಸ್‌ಟಿಎಂ ಎಫ್ 2200 ಮಾನದಂಡ 57 ಮಿ.ಮೀ. ವ್ಯಾಸದ ಗೋಲಿ ಕೂಡ ತೂರಬಾರದು ಎನ್ನುತ್ತದೆ, ಆರಡಿ ಎತ್ತರದವರೆಗೆ. ಪುಟ್ಟ ಮಕ್ಕಳ ಕೈ ಅದಕ್ಕಿಂತ ಸಣ್ಣದು, ಆದ್ದರಿಂದ ನಿಮ್ಮ ಮನೆಗೆ ನಾನು ಬೆರಳು ತೂರುವಷ್ಟೇ ಕಣ್ಣಿನ ಜಾಲರಿ ಹೇಳುತ್ತೇನೆ. ತೆರೆದ ಗೇಟು ಹೋಗಿ ಕೂರುವ ಬೇಲಿಯ ಭಾಗಕ್ಕೂ ಅದೇ ಜಾಲರಿ ಬೇಕು. ಮುಚ್ಚುವ ಅಂಚಿಗೂ ಹಿಂಬದಿಯ ಕಂಬಕ್ಕೂ ಸೇಫ್ಟಿ ಎಡ್ಜ್ ಎನ್ನುವ ರಬ್ಬರ್ ಪಟ್ಟಿ ಹಾಕಿಸಿ. ತಾಗಿದ ಕೂಡಲೇ ಅದು ಮೋಟರನ್ನು ನಿಲ್ಲಿಸಿ ಹಿಂದಕ್ಕೆ ಓಡಿಸುತ್ತದೆ. ಆ ಪಟ್ಟಿಯ ತುದಿಯಲ್ಲಿ 8.2 ಕಿಲೋ ಓಮಿನ ಚಿಕ್ಕ ರೆಸಿಸ್ಟರ್ ಇರುತ್ತದೆ. ಬೋರ್ಡು ಆ ಬೆಲೆಯನ್ನು ಸದಾ ಅಳೆಯುತ್ತಿರುತ್ತದೆ. ಪಟ್ಟಿ ಅದುಮಿದರೂ ವೈರು ತುಂಡಾದರೂ ಬೆಲೆ ಬದಲಾಗಿ ಗೇಟು ನಿಲ್ಲುತ್ತದೆ. ಕೆಟ್ಟಾಗ ತಾನೇ ಹೇಳಿಕೊಳ್ಳುವ ರಕ್ಷಣೆ ಇದು, ಅದಕ್ಕೇ ನನಗೆ ಇದರ ಮೇಲೆ ಹೆಚ್ಚು ನಂಬಿಕೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಖುದ್ದು ನೋಡಿ. ಫೋಟೋಸೆಲ್ ಕೆಟ್ಟರೆ ಗೇಟು ಮುಚ್ಚುವುದಿಲ್ಲ. ಆಗ ರಿಪೇರಿಗೆ ಬಂದವರು ಬೋರ್ಡಿನಲ್ಲಿ ಫೋಟೋಸೆಲ್ಲಿನ ಎರಡು ಸ್ಕ್ರೂಗಳ ನಡುವೆ ಬೆರಳುದ್ದದ ವೈರ್ ತುಂಡೊಂದನ್ನು ಸಿಕ್ಕಿಸಿ "ಸರಿಯಾಯ್ತು" ಎಂದು ಹೋಗಿಬಿಡುತ್ತಾರೆ. ಇಂಥ ವೈರ್ ತುಂಡುಗಳನ್ನು ನಾನು ಎಷ್ಟೋ ಮನೆಗಳಲ್ಲಿ ಬಿಚ್ಚಿ ತೆಗೆದಿದ್ದೇನೆ. ಗೋಡೆಯ ಮೇಲೆ ಡಬ್ಬಿ ಇರುತ್ತದೆ, ಕೆಂಪು ದೀಪವೂ ಉರಿಯುತ್ತಿರುತ್ತದೆ, ಗೇಟು ಮಾತ್ರ ಕುರುಡಾಗಿರುತ್ತದೆ. ತಿಂಗಳಿಗೊಮ್ಮೆ ನೀವೇ ಪರೀಕ್ಷಿಸಿ. ಗೇಟು ಮುಚ್ಚುತ್ತಿರುವಾಗ ಉದ್ದನೆಯ ಕೋಲನ್ನು ಕಿರಣಕ್ಕೆ ಅಡ್ಡ ಹಿಡಿಯಿರಿ, ನಿಂತು ತೆರೆದುಕೊಳ್ಳಬೇಕು. ಹಾಗೆಯೇ ಹಳಿಯ ಪಕ್ಕ ಮರದ ತುಂಡೊಂದನ್ನು ನಿಲ್ಲಿಸಿ ಗೇಟು ಅದಕ್ಕೆ ತಾಗಿದಾಗ ಏನು ಮಾಡುತ್ತದೆ ನೋಡಿ. ತಳ್ಳುತ್ತಲೇ ಹೋದರೆ ಆ ದಿನವೇ ಮೋಟರಿನ ಸ್ವಿಚ್ಚು ಆರಿಸಿ, ಕೀಲಿ ತಿರುಗಿಸಿ ಕೈಯಲ್ಲಿ ಬಳಸಿ.

ಗೇಟು ಉರುಳಿ ಬೀಳುವುದೂ ಉಂಟು. ಗೇಟು ತುದಿ ಮುಟ್ಟಿದಾಗ ಮೋಟರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ಚು ಕೈಕೊಟ್ಟಾಗ ಗೇಟು ಓಡುತ್ತಲೇ ಹೋಗಿ, ಗೈಡ್ ರೋಲರಿನಿಂದ ಹೊರಬಂದು ಮಲಗಿಬಿಡುತ್ತದೆ. ಹಳಿಯ ಎರಡೂ ತುದಿಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ ಕಬ್ಬಿಣದ ತಡೆ ಇರಲೇಬೇಕು, ಅದು ಗೇಟಿನ ತೂಕ ತಡೆಯುವಷ್ಟು ಗಟ್ಟಿಯಾಗಿರಬೇಕು. ತಡೆ ಕಾಣದಿದ್ದರೆ ಕೆಲಸ ಮುಗಿದಿದೆ ಎಂದು ಒಪ್ಪಿಕೊಳ್ಳಬೇಡಿ.

ರಿಮೋಟನ್ನು ಮಕ್ಕಳ ಕೈಗೆ ಕೊಡಬೇಡಿ, ಗೋಡೆಯ ಬಟನ್ನನ್ನು ಗೇಟು ಪೂರ್ತಿ ಕಾಣುವ ಜಾಗದಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಹಾಕಿಸಿ. ಕೆಲ ಸೆಕೆಂಡಿನ ನಂತರ ತಾನಾಗಿ ಮುಚ್ಚುವ ಸೌಲಭ್ಯವನ್ನು, ಮೊಮ್ಮಕ್ಕಳು ದೊಡ್ಡವರಾಗುವವರೆಗೆ, ಆರಿಸಿಯೇ ಇಡಿ. ಮುಚ್ಚುವವರು ನೋಡಿ ಮುಚ್ಚಲಿ. ಅದೇ ಕಾರಣಕ್ಕೆ, ಆಫೀಸಿನಲ್ಲಿ ಕೂತು ಮೊಬೈಲಿನಿಂದ ಗೇಟು ಮುಚ್ಚುವುದು ನಿಮ್ಮಂಥ ಮನೆಗೆ ಬೇಡ.

ಪ್ರಶ್ನೆ: ನಮ್ಮ ರಿಮೋಟನ್ನು ಯಾರಾದರೂ ನಕಲು ಮಾಡಬಹುದೇ?

ರಿಮೋಟಿನ ಒಳಗೆ ಸಾಲಾಗಿ ಪುಟ್ಟ ಸ್ವಿಚ್ಚುಗಳಿದ್ದರೆ ಅದು ಹಳೆಯ ಸ್ಥಿರ ಕೋಡಿನದು. ಹನ್ನೆರಡು ಸ್ವಿಚ್ಚಿದ್ದರೆ ಒಟ್ಟು 4096 ಕೋಡುಗಳು ಮಾತ್ರ ಸಾಧ್ಯ. ಪ್ರತಿ ಸಲವೂ ಅದೇ ಕೋಡನ್ನು ಕಳಿಸುವುದರಿಂದ ಒಮ್ಮೆ ಕೇಳಿಸಿಕೊಂಡ ಸಾಧನ ಅದನ್ನೇ ಮತ್ತೆ ಕಳಿಸಬಲ್ಲದು. ರೋಲಿಂಗ್ ಕೋಡಿನ ರಿಮೋಟ್ ಒತ್ತಿದಾಗಲೆಲ್ಲ ಹೊಸ ಕೋಡು ಕಳಿಸುತ್ತದೆ, ಬಳಸಿದ ಕೋಡನ್ನು ರಿಸೀವರ್ ಮತ್ತೆ ಒಪ್ಪುವುದಿಲ್ಲ. ಅದನ್ನೇ ತೆಗೆದುಕೊಳ್ಳಿ. ಯಾರ ಹತ್ತಿರ ಎಷ್ಟನೆಯ ರಿಮೋಟ್ ಇದೆ ಎಂದು ಬರೆದಿಟ್ಟುಕೊಳ್ಳಿ. ಒಂದು ಕಳೆದುಹೋದರೆ ಅದನ್ನೊಂದೇ ಅಳಿಸಬಹುದು, ಪಟ್ಟಿ ಇಲ್ಲದಿದ್ದರೆ ಎಲ್ಲವನ್ನೂ ಅಳಿಸಿ ಮತ್ತೆ ಕಲಿಸಬೇಕಾಗುತ್ತದೆ.

ಪ್ರಶ್ನೆ: ಗೇಟು ಬೆಳಿಗ್ಗೆಯೆಲ್ಲ ಸರಿಯಾಗಿ ಮುಚ್ಚುತ್ತದೆ. ಸಂಜೆ ಹೊತ್ತಿಗೆ ಮಾತ್ರ ಅರ್ಧ ಮುಚ್ಚಿ ಮತ್ತೆ ತೆರೆದುಕೊಳ್ಳುತ್ತದೆ. ಕತ್ತಲಾದ ಮೇಲೆ ಮತ್ತೆ ಸರಿ. ಬೋರ್ಡು ಬದಲಿಸಬೇಕು ಎನ್ನುತ್ತಿದ್ದಾರೆ.

ಬೋರ್ಡು ಬದಲಿಸಬೇಡಿ. ಇಳಿಬಿಸಿಲು ನೇರವಾಗಿ ಫೋಟೋಸೆಲ್ಲಿನ ರಿಸೀವರಿನ ಕಣ್ಣಿಗೆ ಬೀಳುತ್ತಿರಬೇಕು. ಆ ಬೆಳಕಿನಲ್ಲಿ ಕಿರಣ ಗುರುತು ಸಿಗದೆ, ಯಾರೋ ಅಡ್ಡ ಬಂದರು ಎಂದುಕೊಂಡು ಗೇಟು ತೆರೆದುಕೊಳ್ಳುತ್ತದೆ. ಗೇಟು ಸರಿಯಾಗಿಯೇ ನಡೆದುಕೊಳ್ಳುತ್ತಿದೆ. ಕಿರಣ ಕಳಿಸುವ ಡಬ್ಬಿಯನ್ನೂ ಪಡೆಯುವ ಡಬ್ಬಿಯನ್ನೂ ಅದಲುಬದಲು ಮಾಡಿಸಿ, ರಿಸೀವರಿನ ಬೆನ್ನಿಗೆ ಬಿಸಿಲು ಬೀಳಲಿ. ಅದು ಆಗದಿದ್ದರೆ ಡಬ್ಬಿಯ ಮೇಲೆ ಚಿಕ್ಕ ಮರೆ ಕಟ್ಟಿಸಿ.

ಇದೇ ತರಹದ ದೂರು ಬರೆದ ಉಳಿದವರಿಗೂ ಒಂದು ಮಾತು. ಗೇಟು ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ದೋಷ ಹಳಿಯಲ್ಲೋ, ಗೇಟಿಗೆ ಹಾಕಿದ ಹಲ್ಲಿನ ಪಟ್ಟಿಯಾದ ರ‍್ಯಾಕಿನಲ್ಲೋ ಇರುತ್ತದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಫೋಟೋಸೆಲ್ಲಿನಲ್ಲಿ, ವೈರಿನಲ್ಲಿ ಹುಡುಕಿ. ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿರುವುದು, ಬೋರ್ಡಿನ ಮೇಲೆ ಹಲ್ಲಿ ಸತ್ತು ಶಾರ್ಟ್ ಆಗಿರುವುದು ನಮಗೆ ನಿತ್ಯದ ನೋಟ. ಕೇಬಲ್ ಒಳಬರುವ ತೂತನ್ನು ಮುಚ್ಚಿಸಿದರೆ ಅರ್ಧ ತೊಂದರೆ ಕಳೆಯುತ್ತದೆ.

ಪ್ರಶ್ನೆ: ಗೇಟು ಕಿರ‍್ರ‍್ ಎಂದು ಸದ್ದು ಮಾಡುತ್ತದೆ. ಹಳಿಗೆ, ಹಲ್ಲಿನ ಪಟ್ಟಿಗೆ ಗ್ರೀಸ್ ಹಚ್ಚಬಹುದೇ?

ಎರಡಕ್ಕೂ ಬೇಡ. ಗ್ರೀಸಿಗೆ ಮರಳು, ಧೂಳು ಅಂಟಿಕೊಂಡು ಚಕ್ರವನ್ನೂ ಹಲ್ಲನ್ನೂ ಉಜ್ಜಿ ತಿನ್ನುತ್ತದೆ. ಹಳಿಯನ್ನು ಗುಡಿಸಿ, ಒರೆಸಿ ಇಟ್ಟರೆ ಸಾಕು. ಸದ್ದು ಚಕ್ರದ ಬೇರಿಂಗಿನಿಂದ ಬರುತ್ತಿದ್ದರೆ ಬೇರಿಂಗ್ ಬದಲಿಸಿ.

ಹಲ್ಲಿನ ಪಟ್ಟಿಯಿಂದ, ಅಂದರೆ ರ‍್ಯಾಕಿನಿಂದ ಬರುತ್ತಿದ್ದರೆ ಪಟ್ಟಿಗೂ ಮೋಟರಿನ ಹಲ್ಲುಚಕ್ರಕ್ಕೂ ನಡುವಿನ ಸಂದನ್ನು ನೋಡಿ. ಒಂದರಿಂದ ಎರಡು ಮಿಲಿಮೀಟರ್ ಇರಬೇಕು, ಗೇಟಿನ ಉದ್ದಕ್ಕೂ. ಚಕ್ರ ಸವೆದಂತೆ ಗೇಟು ಇಳಿಯುತ್ತದೆ, ಕೊನೆಗೆ ಗೇಟಿನ ಭಾರವೇ ಹಲ್ಲುಚಕ್ರದ ಮೇಲೆ ಕೂರುತ್ತದೆ, ಆಗ ಮೋಟರಿನ ಬೇರಿಂಗ್ ಹೋಗುತ್ತದೆ. ಸದ್ದು ಟಕ್ ಟಕ್ ಎಂದು ನಿಗದಿತ ಅಂತರದಲ್ಲಿ ಬರುತ್ತಿದ್ದರೆ ಎರಡು ತುಂಡು ರ‍್ಯಾಕ್ ಸೇರುವ ಕಡೆ ಹಲ್ಲಿನ ಅಂತರ ತಪ್ಪಿದೆ. ಅದನ್ನು ಸರಿಮಾಡುವ ಉಪಾಯ ಸುಲಭ: ಮೂರನೆಯ ತುಂಡೊಂದನ್ನು ತಲೆಕೆಳಗಾಗಿ ಹಿಡಿದು, ಸೇರುವ ಜಾಗದ ಎರಡೂ ಬದಿಯ ಹಲ್ಲುಗಳಿಗೆ ಕಚ್ಚಿಸಿ, ಹಾಗೆಯೇ ಬಿಗಿಹಿಡಿದುಕೊಂಡು ಬೋಲ್ಟ್ ಹಾಕಬೇಕು. ಮಾಡ್ಯೂಲ್ 4 ಎನ್ನುವ ಹಲ್ಲಿನ ಅಳತೆಯ ರ‍್ಯಾಕಿನಲ್ಲಿ ಹಲ್ಲಿನಿಂದ ಹಲ್ಲಿಗೆ 12.57 ಮಿ.ಮೀ. ಅಂತರ, ಅದನ್ನು ಕಣ್ಣಂದಾಜಿನಲ್ಲಿ ಹೊಂದಿಸಲು ಯಾರಿಂದಲೂ ಆಗದು. ನಿಮ್ಮ ವೆಲ್ಡರು ಟೇಪು ಹಿಡಿದು ಅಳೆಯಲು ಹೊರಟರೆ ತಡೆದು, ಮೂರನೆಯ ತುಂಡನ್ನು ಕೈಗೆ ಕೊಡಿ.